ಕೊನೆಯ ಅಂಕಕ್ಕೆ ಮುಂಚಿನ ರೈಲು

ನಮ್ಮ ಯಜಮಾನರು ಕಾಂತರಾಜ್ ನಾಟಕ ವಿಮರ್ಶಕರು. ಹೀಗೆಂದರೆ ನಮ್ಮೂರು ಕ್ಯಾಸಂಬಳ್ಳಿಯಲ್ಲಿ ಯಾರೂ ನಂಬುವುದಿಲ್ಲ, ನಾನೇ ಎಷ್ಟೋ ಸಲ ನಂಬಿಲ್ಲ. ಹಗಲು ಬೆಂಗಳೂರಿನ ಒಂದು ಪ್ರೆಸ್ಸಿನಲ್ಲಿ ಕೆಲಸ. ಸಂಜೆ ಎಲ್ಲಾದರೂ ಶೇಕ್ಸ್‌ಪಿಯರ್ ನಾಟಕವನ್ನು ಹೊಸ ರೀತಿಯಲ್ಲಿ ಆಡುತ್ತಾರೆಂದು ಗೊತ್ತಾದರೆ ಮುಗಿಯಿತು, ಅಲ್ಲಿ ಹಾಜರ್. ಆಮೇಲೆ ಕೋಲಾರದ ಒಂದು ವಾರಪತ್ರಿಕೆಗೆ ಅದರ ಬಗ್ಗೆ ಬರೆಯುತ್ತಾರೆ.

ಆದರೆ ಬಂಗಾರಪೇಟೆಗೆ ಬರುವ ಕೊನೆಯ ರೈಲು ಇವರ ನಾಟಕಕ್ಕಾಗಿ ಕಾಯುತ್ತದೆಯೇ? ಕೊನೆಯ ಅಂಕಕ್ಕೆ ಮುಂಚೆಯೇ ಎದ್ದು ಬರಬೇಕು. ಮಿಕ್ಕಿದ್ದನ್ನು ಕಿಟಕಿ ಪಕ್ಕ ಕೂತು ತಾವೇ ಕಟ್ಟಿಕೊಳ್ಳುತ್ತಿದ್ದರು. ಪುಸ್ತಕ ಓದಿ ತಿಳಿದುಕೊಳ್ಳಬಾರದೇ ಎಂದರೆ, ಅದು ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ ಅನ್ನುವರು. ಬೆಳಿಗ್ಗೆ ನಾನು ಹಾಲು ಕರೆಯುವಾಗ ಮಂಜಿನಲ್ಲಿ ನಿಂತು ಕಥೆ ಶುರು. ಒಂದು ನಾಟಕದಲ್ಲಿ ಕಾಡೆಂದರೆ ಬರೀ ಬಿಚ್ಚಿದ ಕೊಡೆಗಳಂತೆ, ಇನ್ನೊಂದರಲ್ಲಿ ಸಮುದ್ರವೆಂದರೆ ಒಂದೇ ಒಂದು ನೀಲಿ ಸೀರೆಯಂತೆ. ಕೇಳುತ್ತಾ ಕೇಳುತ್ತಾ ಕೊಟ್ಟಿಗೆಯೊಳಗೆ ಅಲೆ ಬಂದುಹೋದ ಹಾಗಾಗಿ, ಬಕೀಟು ತುಂಬಿದ್ದೂ ನನಗೆ ತಿಳಿಯುತ್ತಿರಲಿಲ್ಲ. ಅವರ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ, ಎಲ್ಲರೂ ಮನೆ ಸೇರುತ್ತಿದ್ದರು. ನನಗೂ ಅದೇ ಇಷ್ಟವಾಗಿತ್ತು.

ಎರಡು ವರ್ಷದ ಹಿಂದೆ ಯುಗಾದಿಗೆ ಮೂವರು ಹೆಣ್ಣುಮಕ್ಕಳೂ ಬಂದಿದ್ದರು. ಮುದುಕ ರಾಜನೊಬ್ಬ ಮಕ್ಕಳಿಗೆ ರಾಜ್ಯ ಹಂಚುವ ನಾಟಕದ ಮೇಲೆ ಬರೆದದ್ದನ್ನು ಇವರು ಓದಿ ಹೇಳಿದರು. ಕೊನೆಗೆ ಅಪ್ಪನೂ ಕಿರಿಮಗಳೂ ಕೈ ಹಿಡಿದು ಊರಿಗೆ ಹೋಗುತ್ತಾರೆ ಎಂದು ಬರೆದಿದ್ದರು. ದೊಡ್ಡವರಿಬ್ಬರು, ಕಲ್ಪನ ಮತ್ತು ಅರ್ಚನ, ಹಾಡಿ ಹೊಗಳಿದರು. ಕಿರಿಯವಳು ಪ್ರಿಯಾ ಮಾತ್ರ, "ನೋಡ್ದೇ ಇರೋದನ್ನ ನೋಡ್ದಂಗೆ ಬರಿಯೋದು ಸುಳ್ಳಲ್ವೇನಪ್ಪಾ?" ಎಂದಳು. ಅಷ್ಟೇ. ಅವತ್ತಿನಿಂದ ಅಪ್ಪ ಮಗಳಿಗೆ ಮಾತಿಲ್ಲ. ಅವಳು ಫೋನ್ ಮಾಡಿದರೆ ನನ್ನ ಕೈಗೆ ಕೊಟ್ಟು ಆಚೆ ಹೋಗುವರು. ಮಗಳ ಮಾತು ದಿಟ ಎಂದು ಒಪ್ಪಿಕೊಂಡರೆ ಇವರ ಗಂಟೇನು ಹೋಗುತ್ತಿತ್ತು?

ಈ ಚಳಿಗಾಲದಲ್ಲಿ ಅದೇ ನಾಟಕ ನಮ್ಮೂರ ಹತ್ತಿರದ ಆಂಡರ್ಸನ್‌ಪೇಟೆಗೇ ಬಂತು, ಬೇರೆ ತಂಡದ್ದು. ಮೈದಾನದಿಂದ ಪ್ರಿಯಾಳ ಮನೆ ಎರಡು ಬೀದಿ ಆಚೆ. "ಅವಳ್ನೂ ಕರ್ಕಂಡೋಗಾಣ ಕಣ್ರೀ," ಎಂದೆ. ಮಹಾನುಭಾವರು ಅವಳ ಮನೆ ಹತ್ತಿರ ಸ್ಕೂಟರ್ ನಿಲ್ಲಿಸಲೇ ಇಲ್ಲ.

ಮೈದಾನದ ಹಿಂದೆ, ಚಿನ್ನ ತೆಗೆದು ಮಿಕ್ಕ ಗಣಿ ಮಣ್ಣು ಸುರಿದ ಸಯನೈಡ್ ದಿಬ್ಬ ಇಳಿಬಿಸಿಲಿಗೆ ಹೊಳೆಯುತ್ತಿತ್ತು. ರಾಜನಿಗೆ ಕಿರೀಟದ ಬದಲು ದೀಪವಿದ್ದ ಗಣಿ ಟೋಪಿ. ಅವನು ತಮಿಳಿನಲ್ಲಿ ಗದರಿದರೆ ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಗುಡುಗಿಗೆಂದು ನಾಲ್ವರು ತಗಡು ಅಲ್ಲಾಡಿಸಿದಾಗ ನಾನು ಸೆರಗನ್ನು ತಲೆಗೆ ಎಳೆದುಕೊಂಡೆ. ದೂಳು ತೇಲುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ ಕೂತಿದ್ದೆವು.

ಕೊನೆಯ ಅಂಕ ಬಂತು. ಇವತ್ತು ಇವರಿಗೆ ಹಿಡಿಯಬೇಕಾದ ರೈಲಿರಲಿಲ್ಲ. ರಾಜ ಕಿರಿಮಗಳನ್ನು ಎತ್ತಿಕೊಂಡು ಬಂದ. ಅವಳ ಕೈ ಜೋತಾಡುತ್ತಿತ್ತು. ನೆಲದ ಮೇಲೆ ಮಲಗಿಸಿ, ಮೂಗಿನ ಹತ್ತಿರ ಬೆರಳಿಟ್ಟು ನೋಡಿದ. ಮತ್ತೆ ನೋಡಿದ.

"ಏಳ್ತಾಳೆ ಕಣೇ," ಎಂದು ಇವರು ನನ್ನ ಮೊಣಕೈ ಹಿಡಿದುಕೊಂಡರು. ಅವಳು ಏಳಲಿಲ್ಲ. ದೀಪ ಆರಿತು, ಜನ ಚಪ್ಪಾಳೆ ತಟ್ಟಿದರು.

ಇವರು ತಟ್ಟಲಿಲ್ಲ. ಫೋನ್ ತೆಗೆದರು. ಮಗಳ ನಂಬರ್ ನಾನೇ ಒತ್ತಿಕೊಟ್ಟೆ.

"ಪ್ರಿಯಾ, ಉಸಿರಾಡ್ತಾ ಇದೀಯೇನಮ್ಮಾ?"

"ಅಪ್ಪಾ? ಯಾಕಪ್ಪಾ, ಏನಾಯ್ತು? ಮುದ್ದೆಗೆ ಎಸರಿಟ್ಟಿದೀನಿ."

ಇವರು ಎದ್ದು ನಿಂತರು. "ನೀನೇಳಿದ್ದೇ ದಿಟ ಕಣಮ್ಮ, ನಾನು ಕೊನೆ ನೋಡಿರ್ಲಿಲ್ಲ," ಎಂದರು. "ಎಸರಿಗೆ ಇನ್ನೊಂದಿಷ್ಟು ನೀರು ಉಯ್ಯಿ. ನಾನೂ ನಿಮ್ಮವ್ವನೂ ಬತ್ತಾ ಇದೀವಿ."