ಬೊಂಬಾಯಿಯಲ್ಲಿದ್ದ ಜಯರಾಮ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಒಮ್ಮೆ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಲೇತ್ ನಡೆಸುವ ಟರ್ನರ್ ಒಬ್ಬ, ತೀರಿಕೊಂಡ ಚಿಕ್ಕಪ್ಪ ಬಾವಿಕಟ್ಟೆಯ ಮೇಲೆ ಕೂತಿದ್ದನ್ನು ಕಣ್ಣಾರೆ ಕಂಡೆ ಎಂದಾಗ, ಹಿಂದಿನ ದಿನ ಏನು ಕುಡಿದಿದ್ದೆ ಎಂದು ಎಲ್ಲರ ಎದುರಿಗೇ ಕೇಳಿ ಅವನ ಮುಖ ಚಿಕ್ಕದು ಮಾಡಿದ್ದೆ. ಆದ್ದರಿಂದ ನನ್ನ ಅನುಭವ ಹೇಳುವಾಗ ನಾಲಿಗೆ ಹಿಂಜರಿಯುತ್ತದೆ. ನೀವು ನಂಬಲೇಬೇಕೆಂದು ಒತ್ತಾಯವಿಲ್ಲ. ಆದರೆ ಇದು ನಡೆದದ್ದು ಕತ್ತಲಲ್ಲಲ್ಲ, ನಿರ್ಜನ ಜಾಗದಲ್ಲೂ ಅಲ್ಲ. ನಡು ಮಧ್ಯಾಹ್ನ, ಲಾರಿಗಳು ಹಾರ್ನ್ ಹೊಡೆಯುತ್ತಿದ್ದ ಕಾರ್ಖಾನೆಯ ಅಂಗಳದಲ್ಲಿ ನಡೆಯಿತು ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಯಶವಂತಪುರದ ಹತ್ತಿರ ನೀರೆತ್ತುವ ಪಂಪುಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ. ಎಪ್ಪತ್ತರ ದಶಕದ ಆರಂಭದಲ್ಲಿ ಗದಗಿನ ಕಡೆಯಿಂದ ಬಂದು ಸೇರಿದ್ದೆ. ಅದೇ ವಾರ ಸೇರಿದ ಇನ್ನೊಬ್ಬ ಜಯರಾಮ. ಅವನು ಬೆಂಗಳೂರಿನವನೇ, ಗಂಗಾನಗರದಲ್ಲಿ ಮನೆ. ನಾನು ಆರ್.ಟಿ. ನಗರದಲ್ಲಿ ಬಾಡಿಗೆಗೆ ಇದ್ದೆ. ಮೊದಮೊದಲು ನನ್ನ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದವನು ವರ್ಷ ಕಳೆಯುವುದರೊಳಗೆ ನನಗೆ ಈ ಊರಿನಲ್ಲಿದ್ದ ಒಬ್ಬನೇ ಬಂಧುವಾದ. ಅವನ ಸ್ಕೂಟರಿನ ಹಿಂದೆ ಕೂತು ಕೆಲಸಕ್ಕೆ ಹೋಗುವುದು, ಅದರಲ್ಲೇ ಹಿಂದಿರುಗುವುದು. ಅವನ ಹೆಂಡತಿ ವಿಮಲಾ ಮತ್ತು ನನ್ನ ಹೆಂಡತಿ ಸೇರಿ ಹಪ್ಪಳ ಸಂಡಿಗೆ ಇಡುತ್ತಿದ್ದರು.

ನನ್ನ ಮಗಳು ಸುಮಾಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅದು ತಿಳಿದ ದಿನ ನಾವಿಬ್ಬರೂ ಕಂಗೆಟ್ಟು ಕೂತಿದ್ದಾಗ ಊರೆಲ್ಲ ವಿಚಾರಿಸಿ, ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಶಾಲೆಯೊಂದನ್ನು ಹುಡುಕಿಕೊಟ್ಟವನು ಜಯರಾಮ. ಮೊದಲ ದಿನ ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋದವನೂ ಅವನೇ. ತುಟಿಗಳನ್ನು ನೋಡಿ ನೋಡಿ ಅವಳು ಕಲಿತ ಮೊದಲ ನಾಲ್ಕಾರು ಮಾತುಗಳಲ್ಲಿ ಅವನ ಹೆಸರೂ ಒಂದು. ಅವಳ ಬಾಯಲ್ಲಿ ಅದು ‘ಅಯಾಮ’ ಆಗುತ್ತಿತ್ತು. ಈ ತರಬೇತಿ ನಡುವೆ ನಿಂತರೆ ಕಲಿತದ್ದೂ ಹೋಗುತ್ತದೆ, ಇನ್ನು ನಾಲ್ಕೈದು ವರ್ಷ ಊರು ಬಿಡುವ ಯೋಚನೆ ಮಾಡಬೇಡಿ ಎಂದು ಟೀಚರು ಹೇಳಿದಾಗಲೂ ಅವನು ನನ್ನ ಪಕ್ಕದಲ್ಲೇ ಇದ್ದ.

ನಮ್ಮದು ಉತ್ಪಾದನೆ ಮತ್ತು ರವಾನೆಯ ವಿಭಾಗ. ಸರಕು ತುಂಬುವ ಕಟ್ಟೆಯ ಪಕ್ಕದಲ್ಲಿ ಗೋಡೆಯಗಲದ ಹಲಗೆ, ಅದರ ತುಂಬ ಸಣ್ಣ ಸಣ್ಣ ಜೇಬುಗಳು, ಜೇಬುಗಳಲ್ಲಿ ಬಣ್ಣದ ಕಾರ್ಡುಗಳು. ಎರಕ ಹೊಯ್ದದ್ದು, ಯಂತ್ರಕ್ಕೆ ಹೋದದ್ದು, ಜೋಡಣೆಯಾದದ್ದು, ಲಾರಿಗೆ ಕಾದಿರುವುದು, ಯಾವ ಪಂಪು ಎಲ್ಲಿದೆ ಎಂಬುದು ಆ ಕಾರ್ಡುಗಳನ್ನು ನೋಡಿದರೆ ಗೊತ್ತಾಗುತ್ತಿತ್ತು. ಒಂದು ವಸ್ತು ಒಂದು ಸಲಕ್ಕೆ ಒಂದೇ ಕಡೆ ಇರಬೇಕು. ಎರಡು ಕಡೆ ಇದೆಯೆಂದು ಹಲಗೆ ತೋರಿಸಿದರೆ ಯಾರೋ ತಪ್ಪು ಮಾಡಿದ್ದಾರೆ ಎಂದರ್ಥ. ಹದಿನೈದು ವರ್ಷ ನಾನು ಈ ಲೆಕ್ಕದಲ್ಲೇ ಬದುಕಿದವನು.

ಎಂಬತ್ತರ ದಶಕದ ನಡುವಿನಲ್ಲಿ ಕಂಪ್ಯೂಟರ್ ತರುವ ಮಾತು ಬಂತು. ಆಡಳಿತ ಕಟ್ಟಡದಲ್ಲಿ ಒಂದು ಕೋಣೆಗೆ ಗಾಜಿನ ಬಾಗಿಲು ಹಾಕಿ, ಏಸಿ ಕೂರಿಸಿ, ದೂಳು ಹೋಗಬಾರದೆಂದು ಚಪ್ಪಲಿ ಬೂಟು ಹೊರಗೆ ಬಿಡಬೇಕೆಂದು ಬೋರ್ಡು ಬರೆಸಿದರು. ಕೆಲವರು ಅದನ್ನು ದೇವರಮನೆ ಎಂದು ಕರೆಯತೊಡಗಿದರು. ಜಯರಾಮನಿಗೆ ಅದರಲ್ಲಿ ಆಸಕ್ತಿ ಹುಟ್ಟಿತು. ನಮ್ಮ ಹಲಗೆಯ ಕೆಲಸವನ್ನೆಲ್ಲ ಯಂತ್ರಕ್ಕೆ ಕಲಿಸುವ ಹೊಣೆ ಅವನಿಗೆ ಬಂತು. ಸಂಜೆ ಅವನ ಮನೆಯ ತಾರಸಿಯ ಮೇಲೆ ಕೂತು ನಾನು ಹೇಳುವುದು, ಅವನು ಬರೆದುಕೊಳ್ಳುವುದು. ತಿಂಗಳುಗಟ್ಟಲೆ ಹೀಗೆ ನಡೆಯಿತು. ಯಾವ ಭಾಗ ತಡವಾದರೆ ಯಾವುದನ್ನು ಮುಂದೆ ತರಬೇಕು, ಯಾವ ಊರಿನ ಸರಕನ್ನು ಯಾವುದರ ಜೊತೆ ಕಳಿಸಿದರೆ ಲಾರಿ ಖಾಲಿ ಹೋಗುವುದಿಲ್ಲ, ಎಲ್ಲವನ್ನೂ ಹೇಳಿದೆ. ಯಾಕೆ ಮುಚ್ಚಿಡಬೇಕು? ಹೋದರೆ ಇಬ್ಬರೂ ಆ ಕೋಣೆಗೆ ಒಟ್ಟಿಗೇ ಹೋಗುವುದು, ಇಲ್ಲದಿದ್ದರೆ ಇಬ್ಬರೂ ಬೇಡ ಎಂದು ಅವನೇ ಹೇಳಿದ್ದ. ಅದನ್ನು ಹೇಳುವಾಗ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದ.

ಆಮೇಲೆ ತರಬೇತಿಗೆಂದು ಅವನನ್ನು ಬೊಂಬಾಯಿಗೆ ಕಳಿಸಿದರು. ಮುಂದಿನ ತಂಡದಲ್ಲಿ ನೀನು ಎಂದು ನನಗೆ ಸಮಾಧಾನ ಹೇಳಿ ರೈಲು ಹತ್ತಿದ.

ಅವನು ಹೋದ ಮೇಲೆ ಬಂದ ಒಂದು ಶನಿವಾರ. ಊಟದ ನಂತರದ ಸೈರನ್ ಆಗಿ ಸ್ವಲ್ಪ ಹೊತ್ತಾಗಿತ್ತು. ಕಟ್ಟೆಗೆ ಹಿಂಬದಿ ಕೊಟ್ಟು ಒಂದು ಲಾರಿ ನಿಂತಿತ್ತು. ಅಲ್ಲಾಳಸಂದ್ರದಿಂದ ಬರುತ್ತಿದ್ದ ಮುನಿಯಪ್ಪ, ನಮ್ಮ ಹಮಾಲರಲ್ಲಿ ಹಿರಿಯ, ಪೆಟ್ಟಿಗೆಗಳನ್ನು ಏರಿಸುತ್ತಿದ್ದ. ನಾನು ಹಲಗೆಯ ಮುಂದೆ ನಿಂತು ಕಾರ್ಡು ಬದಲಾಯಿಸುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ತಿರುಗಿದರೆ ಜಯರಾಮ.

ನನಗೆ ಭಯವೇನೂ ಆಗಲಿಲ್ಲ. ಯಾಕೆ ಆಗಬೇಕು? ತರಬೇತಿ ಬೇಗ ಮುಗಿಯಿತೆಂದುಕೊಂಡೆ. ಬಿಳಿ ಅಂಗಿ, ಬೂದು ಬಣ್ಣದ ಪ್ಯಾಂಟು, ಕ್ಷೌರ ಮಾಡಿಕೊಂಡ ಮುಖ. ಕಾಲಿನಲ್ಲಿ ಬೂಟು ಮಾತ್ರ ಇರಲಿಲ್ಲ. ಬರೀ ಕಾಲುಚೀಲದಲ್ಲಿ ಆ ಎಣ್ಣೆ ಚೆಲ್ಲಿದ ನೆಲದ ಮೇಲೆ ನಿಂತಿದ್ದ.

“ಯಾವಾಗ ಬಂದಿ?” ಎಂದೆ.

ಅವನು ಹಲಗೆಯನ್ನೇ ನೋಡುತ್ತಾ, ದಿನವೂ ಮಾತಾಡುವ ದನಿಯಲ್ಲೇ ಹೇಳಿದ: “ಸೋಮವಾರ ನಿನ್ನ ಕರೀತಾರೆ. ಹುಬ್ಬಳ್ಳಿ ಗೋಡೌನ್‌ಗೆ ಹೋಗು ಅಂತಾರೆ. ಹ್ಞೂಂ ಅನ್ಬೇಡ ಕಣೋ. ನೀನೇ ಕೇಳ್ಕೊಂಡೆ ಅಂತ ನಾನು ಹೇಳಿದ್ದೀನಿ.”

ನನಗೆ ಅದು ತಲೆಗೆ ಹೋಗಲೇ ಇಲ್ಲ. ಏನಂದಿ ಎಂದು ಕೇಳುವಷ್ಟರಲ್ಲಿ ಲಾರಿಯ ಡ್ರೈವರ್ ಸರಕಿನ ರಸೀದಿಗೆ, ಬಿಲ್ಟಿಗೆ, ಕೈ ಚಾಚಿದ. ಕೊಟ್ಟು ತಿರುಗಿದೆ. ಜಯರಾಮ ಇರಲಿಲ್ಲ. ಮ್ಯಾನೇಜರನ್ನು ನೋಡಲು ಹೋಗಿರಬೇಕೆಂದುಕೊಂಡೆ. ಆಗ ಮುನಿಯಪ್ಪ ಪೆಟ್ಟಿಗೆ ಇಳಿಸಿ, ಬೆವರು ಒರೆಸಿಕೊಳ್ಳುತ್ತಾ ಕೇಳಿದ: “ಯಾಕ್ ಸಾ, ಜಯರಾಮಪ್ನೋರು ಬೂಟಿಲ್ದೆ ಇಂಗೇ ಓದ್ರು? ನಮಸ್ಕಾರ ಅಂದ್ರೂ ನೋಡ್ನಿಲ್ಲ.”

ಸಂಜೆಯವರೆಗೂ ಅವನು ಕಟ್ಟೆಯ ಕಡೆ ಬರಲಿಲ್ಲ. ಆಡಳಿತ ಕಟ್ಟಡದಲ್ಲಿ ಕೇಳಿದರೆ ಯಾರೂ ನೋಡಿಲ್ಲವೆಂದರು. ಒಳಗೊಳಗೇ ಸಿಟ್ಟು ಬರತೊಡಗಿತ್ತು. ತಮಾಷೆಯಾದರೆ ಕೆಟ್ಟ ತಮಾಷೆ, ನಿಜವಾದರೆ ಎದುರಿಗೆ ಕೂತು ಹೇಳಲಿ ಎಂದುಕೊಂಡು ಬಸ್ಸು ಹಿಡಿದು ನೇರ ಗಂಗಾನಗರಕ್ಕೆ ಹೋದೆ.

ವಿಮಲಾ ನಗುತ್ತಲೇ ಬಾಗಿಲು ತೆಗೆದಳು. ಜಯರಾಮ ಎಲ್ಲಿ ಎಂದೆ. ಬೊಂಬಾಯಿಯಲ್ಲಿ ಎಂದಳು. ಇವತ್ತು ಬಂದನಲ್ಲ ಎಂದೆ. ಅವಳು ನಾನು ಹಾಸ್ಯ ಮಾಡುತ್ತಿದ್ದೇನೆಂದು ತಿಳಿದಳು. ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದ ಮನೆಯವರು ಕೂಗಿದರಂತೆ, ಟ್ರಂಕ್ ಕಾಲ್ ಬಂದಿದೆಯೆಂದು. ಬೊಂಬಾಯಿಯಿಂದ ಅವನೇ ಮಾತಾಡಿದನಂತೆ. ಕಂಪ್ಯೂಟರ್ ವಿಭಾಗಕ್ಕೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಅದನ್ನು ಹೇಳುವಾಗ ಅವಳ ಕಣ್ಣು ತುಂಬಿತ್ತು. ನನ್ನ ಮುಂದೆ ಕೇಸರಿಬಾತಿನ ತಟ್ಟೆ ಇಟ್ಟಳು.

“ನೀವು ಹುಬ್ಬಳ್ಳಿಗೆ ಹೋಗ್ತೀರಂತೆ, ನೀವೇ ಕೇಳ್ಕೊಂಡ್ರಂತೆ. ನಮ್ಗೊಂದು ಮಾತು ಹೇಳ್ಲಿಲ್ವಲ್ಲ ಅಣ್ಣ,” ಎಂದಳು. “ಸುಮನ ಶಾಲೆಗೆ ಏನ್ಮಾಡ್ತೀರಿ?”

ಆ ಹೆಣ್ಣುಮಗಳಿಗೆ ಏನೂ ಗೊತ್ತಿರಲಿಲ್ಲ. ಅವಳ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ನಾನು ಒಂದು ಚಮಚ ತಿಂದು ತಟ್ಟೆ ಪಕ್ಕಕ್ಕಿಟ್ಟೆ. ಎಂದೋ ಒಮ್ಮೆ ಅದೇ ಮನೆಯ ತಾರಸಿಯ ಮೇಲೆ, ಊರಿನ ನೆನಪಾಗಿ, ಒಂದಲ್ಲ ಒಂದು ದಿನ ನಮ್ಮ ಕಡೆಗೇ ಹೋಗಿಬಿಡಬೇಕು ಎಂದಿದ್ದೆ. ಆ ಮಾತನ್ನು ಅವನು ಜೋಪಾನವಾಗಿ ಇಟ್ಟುಕೊಂಡು ತನಗೆ ಬೇಕಾದಾಗ ತೆಗೆದಿದ್ದ. ಒಂದು ಕೋಣೆ, ಒಂದೇ ಕುರ್ಚಿ. ಆ ಕೆಲಸ ಪೂರಾ ಬಲ್ಲ ಇನ್ನೊಬ್ಬ ಅದೇ ಊರಿನಲ್ಲಿ ಇರುವುದು ಅವನಿಗೆ ಬೇಡವಾಗಿತ್ತು.

ಸೋಮವಾರ ಮ್ಯಾನೇಜರು ಕರೆದರು. ನಿಮ್ಮ ಕೋರಿಕೆಯನ್ನು ಮನ್ನಿಸಿದ್ದೇವೆ ಎಂದು ಸಂತೋಷದಿಂದಲೇ ಹೇಳಿದರು. ಶನಿವಾರದ ಆ ಮಾತು ಕಿವಿಯಲ್ಲಿರದಿದ್ದರೆ ಅವರ ಸಂತೋಷಕ್ಕೆ ತಬ್ಬಿಬ್ಬಾಗಿ ತಲೆಯಾಡಿಸಿಬಿಡುತ್ತಿದ್ದೆನೋ ಏನೋ. ದೊಡ್ಡವರ ಎದುರು ಇಲ್ಲ ಎನ್ನುವ ಅಭ್ಯಾಸ ನನಗಿರಲಿಲ್ಲ.

“ನಾ ಕೇಳೇ ಇಲ್ಲರಿ ಸರ್,” ಎಂದೆ. “ನನ್ನ ಮಗಳು ಇಲ್ಲೇ ಮಾತು ಕಲೀಲಿಕ್ಕತ್ತಾಳ್ರಿ. ನಾ ಹೋಗೂದಿಲ್ಲ.”

ಅವರು ಎದುರಿಗಿದ್ದ ಕಾಗದವನ್ನು ಮತ್ತೆ ತಿರುವಿ ನೋಡಿದರು. ಜಯರಾಮ ಹೇಳಿದ್ದನಲ್ಲ ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಕೊನೆಗೆ ವರ್ಗಾವಣೆ ನಿಂತಿತು. ಆದರೆ ಹಲಗೆಯ ಕೆಲಸ ಮುಗಿದುಹೋಗಿತ್ತು. ನನ್ನನ್ನು ಕಾರ್ಖಾನೆಯ ಹಿಂಭಾಗದ ಗುಜರಿ ಅಂಗಳಕ್ಕೆ ಹಾಕಿದರು. ಮುರಿದ ಎರಕ, ತುಕ್ಕು ಹಿಡಿದ ಚೂರು, ಬಿಸಿಲಿಗೆ ಒಂದು ತಗಡಿನ ಮರೆ. ಸುಮಾಳ ಶಾಲೆ ತಪ್ಪಲಿಲ್ಲ. ನನಗೆ ಅಷ್ಟು ಸಾಕಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿ ಕೂತು ಎಷ್ಟೋ ಮಧ್ಯಾಹ್ನ ಹಲ್ಲು ಕಚ್ಚಿದ್ದೇನೆ.

ಜಯರಾಮ ಹಿಂದಿರುಗಿದ ದಿನ ಗಾಜಿನ ಬಾಗಿಲ ಹೊರಗೆ ಅವನನ್ನು ಹಿಡಿದೆ. ನನ್ನನ್ನು ನೋಡಿದೊಡನೆ, ಹುಬ್ಬಳ್ಳಿಯ ವಿಷಯ ಮ್ಯಾನೇಜರು ಕರೆಯುವ ಮೊದಲೇ ನಿನಗೆ ಹೇಳಿದವರು ಯಾರು, ವಿಮಲಾನಾ ಎಂದು ಕೇಳಿದ. ಮಾಡಿದ್ದಕ್ಕಿಂತ ಸಿಕ್ಕಿಬಿದ್ದದ್ದೇ ಅವನಿಗೆ ದೊಡ್ಡದಾಗಿತ್ತು.

“ನೀನೇ ಹೇಳಿದ್ದು,” ಎಂದೆ. ಶನಿವಾರ ಮಧ್ಯಾಹ್ನ ಕಟ್ಟೆಯ ಮೇಲೆ, ಹಲಗೆಯ ಮುಂದೆ ನಿಂತು, ಮುನಿಯಪ್ಪನ ಕಣ್ಣೆದುರಿಗೆ ಎಂದೆ. ಅವನು ಅಣಕಿಸುವಂತೆ ನಕ್ಕ. ನಿನಗೆ ತಲೆ ಕೆಟ್ಟಿದೆ, ಅವತ್ತು ನಾನು ತರಗತಿಯಲ್ಲಿದ್ದೆ, ನಡುವೆ ಎದ್ದುಬಂದು ಮನೆಗೆ ಫೋನ್ ಮಾಡಿದೆ ಅಷ್ಟೇ ಎಂದ.

“ಕಾಲಾಗ ಬೂಟಿರಲಿಲ್ಲ ನಿನಗ.”

ಅವನ ನಗು ಹೋಯಿತು. ಬೊಂಬಾಯಿಯಲ್ಲೂ ಯಂತ್ರದ ಕೋಣೆಯ ಹೊರಗೆ ಬೂಟು ಬಿಡಿಸುತ್ತಿದ್ದರಂತೆ. ಅವತ್ತು ಅವಸರದಲ್ಲಿ ಬೂಟು ಹಾಕದೆಯೇ ಫೋನಿನ ಹತ್ತಿರ ಹೋಗಿದ್ದನಂತೆ. ಇಷ್ಟನ್ನು ಅವನು ನನಗೆ ಹೇಳಿದನೋ ತನಗೇ ಹೇಳಿಕೊಂಡನೋ ತಿಳಿಯದು. ನನ್ನ ಮುಖ ನೋಡದೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

ಆಮೇಲೆ ನಮ್ಮ ನಡುವೆ ಮಾತಿಲ್ಲ. ಮನೆಗಳ ನಡುವೆ ಹೋಗಿಬರುವುದೂ ನಿಂತಿತು. ಕೆಲವು ದಿನ ಸುಮಾ ಸಂಜೆಯಾದರೆ ಗೇಟಿನ ಹತ್ತಿರ ನಿಂತು ‘ಅಯಾಮ’ ಎನ್ನುತ್ತಿದ್ದಳು. ಅವಳಿಗೆ ಏನೆಂದು ತಿಳಿಸುವುದು? ಬರಲಿಲ್ಲ ಎನ್ನುವುದಕ್ಕೆ ಕೈಸನ್ನೆ ಇದೆ. ಮೋಸ ಮಾಡಿದ ಎನ್ನುವುದಕ್ಕೆ ನನಗೆ ಗೊತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ತಮ್ಮನ ಮದುವೆಗೆಂದು ಊರಿಗೆ ಹೊರಟು ಯಶವಂತಪುರ ಸ್ಟೇಷನ್ನಿನಲ್ಲಿ ರೈಲಿನ ಕಿಟಕಿಯ ಪಕ್ಕ ಕೂತಿದ್ದೆ. ಯಾರನ್ನೋ ಕಳಿಸಲು ಬಂದಿದ್ದ ಜಯರಾಮ ನನ್ನನ್ನು ನೋಡಿದ. ಮುಂದಕ್ಕೆ ಹೋದವನು ಹಿಂದಕ್ಕೆ ಬಂದ. ಕೂದಲು ಬಹಳ ನರೆತಿತ್ತು. ಕಿಟಕಿಯ ಸರಳು ಹಿಡಿದುಕೊಂಡು, ಚೆನ್ನಾಗಿದ್ದೀಯಾ ಎಂದು ಕೂಡ ಕೇಳದೆ, ತಗ್ಗಿದ ದನಿಯಲ್ಲಿ ಕೇಳಿದ:

“ಅವತ್ತು ಬಂದಿದ್ನಲ್ಲ, ಅವನು ನಿನ್ನ ಹತ್ರ ಕ್ಷಮೆ ಕೇಳಿದ್ನಾ?”

ಕೇಳಲಿಲ್ಲ ಎಂದೆ. ಹ್ಞೂಂ ಅನ್ನಬೇಡ ಎಂದು ಹೇಳಿ ಹೋದ, ಅಷ್ಟೇ ಎಂದೆ.

ಜಯರಾಮ ಸರಳು ಬಿಡಲಿಲ್ಲ. ಗಾರ್ಡು ಸೀಟಿ ಊದಿದ ಮೇಲೂ ನಿಂತೇ ಇದ್ದ.

“ಹಾಗಿದ್ರೆ ಅದು ನಾನೇ ಇರ್ಬೇಕು ಕಣೋ, ನಾನೂ ಕೇಳಿಲ್ವಲ್ಲ,” ಎಂದ.

ಗಾಡಿ ಚಲಿಸಿತು. ಅವನು ನಾಲ್ಕು ಹೆಜ್ಜೆ ಜೊತೆಗೆ ಬಂದ, ಆಮೇಲೆ ಸರಳಿನಿಂದ ಕೈ ತೆಗೆದ.

ಮುನಿಯಪ್ಪನನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ನಮಸ್ಕಾರ ಅಂದದ್ದು ನಿಜ ಎಂದೇ ಹೇಳುತ್ತಾನೆ. ಓದಿದವರನ್ನು ಕೇಳಿದರೆ ಭ್ರಮೆ ಎಂದರು, ಆದರೆ ಇಬ್ಬರಿಗೆ ಒಂದೇ ಭ್ರಮೆ ಹೇಗಾಯಿತೆಂದು ಯಾರೂ ಹೇಳಲಿಲ್ಲ. ಬೊಂಬಾಯಿಯಲ್ಲಿದ್ದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕಟ್ಟೆಯ ಮೇಲೆ ಬಂದವನು ನನ್ನ ಮಗಳ ಮಾತನ್ನು ಉಳಿಸಿದ. ಈಗಲೂ ಆಗೊಮ್ಮೆ ಈಗೊಮ್ಮೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಜಯರಾಮ ಕಾಣಿಸುತ್ತಾನೆ. ಮಾತಾಡಿಸಬೇಕೋ ಮುಖ ತಿರುಗಿಸಬೇಕೋ ನನಗೆ ತಿಳಿಯುವುದಿಲ್ಲ. ಅಷ್ಟರಲ್ಲಿ ಬಸ್ಸು ಬಂದುಬಿಡುತ್ತದೆ.