ಗಂಟಿಲ್ಲದ ಕಸೂತಿ

ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಮುರಿಗೆವ್ವ ಹೊಲಿಗೆ ಕಲಿಸುತ್ತಿದ್ದ ಕಾಲವದು. ರಾಜ್ಯ ಒಂದಾಗಿ ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಪರಕಾರ, ಪೋಲಕಾ ತೊಟ್ಟು ಎರಡು ಜಡೆ ಹಾಕಿಕೊಂಡು ಬರುತ್ತಿದ್ದ ಹುಡುಗಿಯರಿಗೆ ಹೊಲಿಗೆಯ ತಾಸೆಂದರೆ ಹಬ್ಬ. ಗಣಿತದ ಮಾಸ್ತರರ ಮುಂದೆ ತುಟಿ ಬಿಚ್ಚದವರೆಲ್ಲ ಇಲ್ಲಿ ಬಂದು ಮನಸಾರೆ ಹರಟೆ ಹೊಡೆಯುತ್ತಿದ್ದರು. ಮುರಿಗೆವ್ವ ಅವರಿಗೆಲ್ಲ ಅಕ್ಕಾರು. ಅಕ್ಕಾರು ಬೈಯುತ್ತಿದ್ದರು, ನಿಜ. ಆ ಬೈಗುಳಕ್ಕೆ ಹೆದರಿದವರು ಯಾರೂ ಇಲ್ಲ ಬಿಡಿ.

ಮುರಿಗೆವ್ವನದೊಂದು ಪದ್ಧತಿಯಿತ್ತು. ಯಾವಳಾದರೂ ಹುಡುಗಿ ಚೂರು ಬಟ್ಟೆ ಹಿಡಿದುಕೊಂಡು ಸುಮ್ಮಸುಮ್ಮನೆ ಹತ್ತಿರ ಸುಳಿದಾಡಿದರೆ, ಮುರಿಗೆವ್ವ ಸೂಜಿಯಿಂದ ದಾರ ಕಳಚಿ ಬರೀ ಮಷೀನನ್ನು ಗಡಗಡ ತುಳಿಯುವಳು. ಆ ಸಪ್ಪಳದಲ್ಲಿ ಹುಡುಗಿ ಹೇಳಿದ್ದು ಅಕ್ಕಾರ ಕಿವಿಗೆ ಬಿಟ್ಟರೆ ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ತಾನು ಹರೆಯದಲ್ಲೇ ಗಂಡನನ್ನು ಕಳೆದುಕೊಂಡಾಗ, ಏನಾಗುತ್ತಿದೆ ನಿನಗೆ ಎಂದು ಕೇಳುವವರು ಒಬ್ಬರೂ ಇರಲಿಲ್ಲವಲ್ಲ ಎಂಬ ಸಂಕಟ ಅವಳಲ್ಲಿ ಹಾಗೇ ಉಳಿದಿತ್ತು.

ಹಾಗೆ ಒಂದು ದಿನ ಬಂದವಳು ಕಾಳವ್ವ, ಅರಳೆ ವ್ಯಾಪಾರಿ ದ್ಯಾಮಣ್ಣನ ಮಗಳು. ಮ್ಯಾಟ್ರಿಕ್ ವರ್ಷ. ನಿದ್ದೆ ಬರುವುದಿಲ್ಲ, ಅನ್ನ ಸೇರುವುದಿಲ್ಲ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ, ನೀರು ಸೇದಲು ಹೋದರೆ ಬಾವಿಯೇ ಬಾ ಎಂದು ಕರೆದಂತಾಗುತ್ತದೆ ಎಂದು ತಲೆ ತಗ್ಗಿಸಿಕೊಂಡೇ ಹೇಳಿದಳು. ಮುರಿಗೆವ್ವನ ಕಾಲು ಅಲ್ಲೇ ನಿಂತುಬಿಟ್ಟಿತು. ಮಷೀನು ನಿಂತರೆ ಎಲ್ಲರೂ ತಿರುಗಿ ನೋಡುತ್ತಾರೆಂದು ಮತ್ತೆ ತುಳಿದಳು.

"ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾರ," ಎಂದಳು ಕಾಳವ್ವ. "ನನ್ನ ಧಾರವಾಡಕ್ಕ ಹಾಕ್ತಾರ."

ಆಗಿನ ಹುಬ್ಬಳ್ಳಿಯಲ್ಲಿ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಯಾರಾದರೂ ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದರೆ ಸಾಕು, ಇವನನ್ನು ಧಾರವಾಡಕ್ಕೆ ಕಳಿಸಿರಿ ಎಂದು ನಗುತ್ತಿದ್ದರು. ಹುಚ್ಚರ ದವಾಖಾನೆ ಇದ್ದದ್ದು ಅಲ್ಲಿ. ಕಾಲೇಜು, ವಿದ್ಯೆ, ಪೇಡೆ ಎಲ್ಲ ಇದ್ದ ಅಷ್ಟು ಚೆಂದದ ಊರಿನ ಹೆಸರನ್ನು ಹೀಗೆ ಬೈಗುಳ ಮಾಡಿಕೊಂಡಿದ್ದೆವಲ್ಲ, ನಮಗೇನು ಹೇಳಬೇಕು!

ಅದೇ ಧಾರವಾಡದ ಮಾಳಮಡ್ಡಿಯಲ್ಲಿ ಮನಸ್ಸಿನ ಬೇನೆ ನೋಡುವ ವಯಸ್ಸಾದ ಡಾಕ್ಟರೊಬ್ಬರು ಮನೆಯಲ್ಲೇ ಔಷಧ ಕೊಡುತ್ತಿದ್ದುದು ಮುರಿಗೆವ್ವನಿಗೆ ಗೊತ್ತಿತ್ತು.

"ನಿನ್ನ ಮಾತು ನನ್ನ ಕಡೇನ ಇರತೈತಿ," ಎಂದಳು. "ಆದ್ರ ಒಬ್ಬ ಡಾಕ್ಟರ ಮುಂದ ಹೇಳೂಣು. ಅವರೂ ಯಾರಿಗೂ ಹೇಳಂಗಿಲ್ಲ. ಅಲ್ಲೀತನಾ ಬಾವಿಗೆ ಹೋಗಬ್ಯಾಡ, ಕೈ ನೋವು ಅಂತ ನೆವ ಹೇಳು."

ಹುಡುಗಿ ಹೂಂ ಎಂದಳು. ಆದರೆ ಧಾರವಾಡಕ್ಕೆ ಹೋಗುವುದು ಯಾವ ನೆವದಿಂದ? ಮುರಿಗೆವ್ವ ದ್ಯಾಮಣ್ಣನ ಅಂಗಡಿಗೇ ಹೋಗಿ, ಶನಿವಾರ ಮಧ್ಯಾಹ್ನ ಮಗಳನ್ನು ತನ್ನ ಜೊತೆ ಧಾರವಾಡಕ್ಕೆ ಕಸೂತಿ ಕಲಿಯಲು ಕಳಿಸಿರೆಂದು ಕೇಳಿದಳು. ನಾಳೆ ವರನ ಕಡೆಯವರು ಕೇಳುವುದು ಅದನ್ನೇ ಅಲ್ಲವೇ. ದ್ಯಾಮಣ್ಣ ಖುಷಿಯಿಂದ ಒಪ್ಪಿದ.

ಹೀಗೆ ಇಬ್ಬರೂ ಶನಿವಾರ ಶನಿವಾರ ಬಸ್ಸು ಹತ್ತತೊಡಗಿದರು. ನವಲೂರ ದಾಟಿದ ಮೇಲೆ ಬೀಸುತ್ತಿದ್ದ ಆ ತಂಪು ಗಾಳಿ ಈಗ ಎಲ್ಲಿ ಹೋಯಿತೋ! ಹುಡುಗಿ ಒಳಗೆ ಡಾಕ್ಟರ ಜೊತೆ ಮಾತಾಡುವಳು. ಮುರಿಗೆವ್ವ ಹೊರಗೆ ಕಟ್ಟೆಯ ಮೇಲೆ ಕೂತು, ಮನೆಯಲ್ಲಿ ತೋರಿಸಲು ಬೇಕಲ್ಲ ಎಂದು, ತಾನೇ ಬಟ್ಟೆಯ ಮೇಲೆ ಕಸೂತಿ ತೆಗೆಯುವಳು. ಜೀವಮಾನವೆಲ್ಲ ಮಷೀನು ತುಳಿದ ಕೈ ಅದು. ಗೋಪುರ ಮಾಡಲು ಹೋದರೆ ಗುಡಿಸಲಾಗುತ್ತಿತ್ತು.

ಕಾಳವ್ವ ನಿಧಾನಕ್ಕೆ ಉಣ್ಣತೊಡಗಿದಳು. ಬಸ್ಸಿನಲ್ಲಿ ಅಕ್ಕಾರ ಗೋಪುರ ನೋಡಿ ಒಮ್ಮೆ ಕಿಸಕ್ಕನೆ ನಕ್ಕೂಬಿಟ್ಟಳು. ಎಲ್ಲ ಹಾದಿಗೆ ಬಂತು ಅನ್ನುವಷ್ಟರಲ್ಲಿ, ಒಂದು ಸಂಜೆ ಸಾಲೆ ಬಿಟ್ಟ ಮೇಲೆ ಕಾಳವ್ವನ ಅಜ್ಜಿ ಮುದಕವ್ವ ಆ ಬಟ್ಟೆ ಹಿಡಿದುಕೊಂಡೇ ಹೊಲಿಗೆಯ ಖೋಲಿಗೆ ಬಂದಳು. ಕೂತು, ಬಟ್ಟೆ ತಿರುವಿ ಹಾಕಿದಳು.

"ಅಕ್ಕಾರ, ಕಸೂತಿಗೆ ಗಂಟು ಹಾಕೂದಿಲ್ಲ. ಹಿಂದ ಮುಂದ ಎರಡೂ ಕಡೆ ಒಂದ ನಮೂನಿ ಕಾಣಬೇಕು. ಇಲ್ಲಿ ನೋಡಿದ್ರ ಬರೇ ಗಂಟು. ಹುಡುಗಿ ಎಲ್ಲಿಗೆ ಹೊಂಟಾಳ ಖರೇ ಹೇಳ್ರಿ."

ಮುರಿಗೆವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೇಳಿದರೆ ಹುಡುಗಿ ಇನ್ನು ಯಾರನ್ನೂ ನಂಬುವುದಿಲ್ಲ. ಹೇಳದಿದ್ದರೆ ಶನಿವಾರದ ಬಸ್ಸು ಇವತ್ತಿಗೇ ಮುಗಿಯಿತು, ಔಷಧವೂ ಮುಗಿಯಿತು.

"ಅದು ಆಕಿ ಮಾತು, ಆಯಿ. ಆಕಿನ ಹೇಳಬೇಕು," ಎಂದಳು.

ಮುದುಕಿ ಸೊಂಟದ ಚೀಲದಿಂದ ಸೂಜಿ ತೆಗೆದು ಒಂದೊಂದೇ ಗಂಟು ಬಿಚ್ಚತೊಡಗಿದಳು.

"ಬ್ಯಾಡ, ಹೇಳಬ್ಯಾಡ್ರಿ. ಆಕಿ ಕೈ ನೋವು ಅನ್ನೂಕಿಂತ ಮದಲ, ಬಾವಿಗೆ ಬಗ್ಗಿ ನಿಂತಿದ್ದು ನಾ ನೋಡೇನಿ. ಅವತ್ತಿಂದ ನೀರು ತರಾಕ ನಾನ ಹೊಂಟೇನಿ. ಏನು ಕೇಳಬೇಕು, ಹೆಂಗ ಕೇಳಬೇಕು ನನಗ ತಿಳೀಲಿಲ್ಲ." ಅಜ್ಜಿ ಇನ್ನೊಂದು ಗಂಟಿಗೆ ಸೂಜಿ ಹಾಕಿದಳು. "ನನ್ನ ಸೊಸಿ ಭಾಳ ಬೆರಕಿ. ಬಟ್ಟಿ ತಿರುವಿ ನೋಡಿದಳಂದ್ರ ಸಿಕ್ಕಿಬೀಳ್ತೀರಿ. ಇನ್ನ ಕಸೂತಿ ನಾ ಹಾಕಿಕೊಡ್ತೀನಿ. ನೀವು ಆಕಿನ್ನ ಕರಕೊಂಡು ಹೋಗ್ರಿ."

ಮುರಿಗೆವ್ವ ಅಜ್ಜಿಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

ಮುಂದೆ ಕಾಳವ್ವನ ಮದುವೆಯಲ್ಲಿ ಚಂದ್ರಕಾಳಿ ಎಂಬ ಕರಿ ಸೀರೆಯ ಮೇಲಿನ ಕಸೂತಿ ಗೋಪುರಗಳನ್ನು ನೋಡಿ ಬೀಗರೆಲ್ಲ, ಧಾರವಾಡದಲ್ಲಿ ಕಲಿತ ಕೈ ಎಂದರೆ ಇದು ಎಂದು ಹೊಗಳಿದ್ದೇ ಹೊಗಳಿದ್ದು. ಮುದಕವ್ವ ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತ ಹೌದೌದು ಎನ್ನುತ್ತಿದ್ದಳು.

ಆ ಮದುವೆಯಾದ ಮೇಲಿನ ಶ್ರಾವಣದಲ್ಲಿ ಮೌಲಾಬಿ ಎಂಬ ಹುಡುಗಿ ಚೂರು ಬಟ್ಟೆ ಹಿಡಿದು ಮಷೀನಿನ ಹತ್ತಿರ ಸುಳಿದಾಡಿದಳು.

"ಅಕ್ಕಾರ, ನನಗೂ ಧಾರವಾಡಕ್ಕ ಹೋಗಿ ಕಸೂತಿ ಕಲೀಬೇಕಾಗೈತ್ರಿ. ಕಾಳಕ್ಕ ನಿಮಗ ಹಿಂಗ ಹೇಳು ಅಂದಾಳ."

ಮುರಿಗೆವ್ವ ಸೂಜಿಯಿಂದ ದಾರ ಕಳಚಿ, ಮಷೀನು ತುಳಿಯತೊಡಗಿದಳು.