ಎರಡು ಸಾವಿರಕ್ಕೆ ಎಸೆದೆ, ಐದು ಸಾವಿರಕ್ಕೆ ನಿಂತೆ

ಆಗ ನನಗೆ ಅರವತ್ತಮೂರು. ಇದು ನಡೆದು ನಾಲ್ಕು ವರ್ಷವಾಯಿತು. ಇಷ್ಟು ಹೊತ್ತಿಗೆ ಸಿಟ್ಟು ಆರಿರಬೇಕಿತ್ತು ಎಂದು ಕೆಲವರು ಹೇಳುತ್ತಾರೆ. ಆರಿಲ್ಲ. ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ. ಅಂಕೆ ಮಾತ್ರ ಕಣ್ಣಿಗೆ ಬಿದ್ದ ಕೂಡಲೇ ತಲೆಗೆ ಹೋಗುತ್ತದೆ. ಮೂವತ್ತು ವರ್ಷ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ತರಕಾರಿ ಮಾರಿದವಳು ನಾನು. ಮಂಡಿ ಕೆಟ್ಟು ನೆಲದ ಮೇಲೆ ಕೂರಲಾಗದೆ ಹೋದಾಗ ಇಂದಿರಾನಗರದ ಒಂದು ಪೋಕರ್ ಕ್ಲಬ್ಬಿನಲ್ಲಿ ಟೀ ಕೊಡುವ, ಕಸ ಹೊಡೆಯುವ ಕೆಲಸಕ್ಕೆ ಸೇರಿದೆ. ಹಲಸೂರಿನ ನನ್ನ ಮನೆಯಿಂದ ಬಸ್ಸಿನಲ್ಲಿ ಹತ್ತು ನಿಮಿಷ.

ಆ ಕ್ಲಬ್ಬಿನಲ್ಲಿ ಟೀ ಕೊಡಲು ಒಂದು ನಿಯಮವಿತ್ತು. ಒಂದು ಕೈ ಆಟ ನಡೆಯುತ್ತಿರುವಾಗ ಮೇಜಿನ ಮೇಲೆ ಲೋಟ ಇಡಬಾರದು. ಹಂಚಿದ ಕಾರ್ಡು ತೆರೆದು, ಗೆದ್ದವನು ದುಡ್ಡಿನ ಬದಲು ಇಡುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಎಳೆದುಕೊಂಡ ಮೇಲೆ ಇಡಬೇಕು. ಅಲ್ಲಿಯವರೆಗೆ ತಟ್ಟೆ ಹಿಡಿದು ಬೆನ್ನ ಹಿಂದೆ ನಿಂತಿರಬೇಕು. ಹನ್ನೊಂದು ತಿಂಗಳು ಹಾಗೆ ನಿಂತೆ. ನಿಂತವಳು ಗೋಡೆ ನೋಡುತ್ತೇನೆಯೇ? ಆಟ ನೋಡಿದೆ.

ಆಟ ಕಷ್ಟದ್ದಲ್ಲ. ಒಬ್ಬೊಬ್ಬರಿಗೆ ಎರಡೆರಡು ಕಾರ್ಡು ಮುಚ್ಚಿ ಹಂಚುತ್ತಾರೆ. ಇಬ್ಬರು ಕಾರ್ಡು ನೋಡುವ ಮುಂಚೆಯೇ ಬಿಲ್ಲೆ ಇಡಬೇಕು, ಅದು ಕಡ್ಡಾಯ. ಉಳಿದವರು ಸರದಿಯಲ್ಲಿ ಕಾರ್ಡು ಎಸೆದು ಆ ಕೈ ಬಿಟ್ಟುಕೊಡುತ್ತಾರೆ, ಇಲ್ಲವೇ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇಡುತ್ತಾರೆ. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಕಾರ್ಡು ತೆರೆಯುತ್ತಾರೆ. ತನ್ನ ಕಾರ್ಡಿಗೆ ಅಲ್ಲಿ ಜೋಡಿ ಸಿಕ್ಕವನು ಮೇಲು, ಯಾರಿಗೂ ಸಿಗದಿದ್ದರೆ ದೊಡ್ಡ ಕಾರ್ಡಿನವನು. ಆ ಐದು ಬಿದ್ದ ಮೇಲಿನ ಲೆಕ್ಕಾಚಾರ ಓದಿದವರದ್ದು. ನನಗೆ ತಿಳಿದದ್ದು ಅವು ಬೀಳುವುದಕ್ಕೆ ಮುಂಚಿನದು.

ಲಿಂಗರಾಜಪುರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಒಬ್ಬ ಪ್ರತಿ ಶನಿವಾರ ಭಾನುವಾರ ಬರುತ್ತಿದ್ದ. ಅವನನ್ನು ಟೈಲ್ಸಿನವನು ಎಂದೇ ಕರೆಯುತ್ತೇನೆ, ಹೆಸರು ಹೇಳಿ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಒಂದು ಶನಿವಾರ ಮಧ್ಯಾಹ್ನ, ಟೂರ್ನಮೆಂಟಿನ ನಡುವೆ, ತನ್ನ ಐದು ಸಾವಿರದ ಬಿಲ್ಲೆ ಒಂದು ಕಾಣುತ್ತಿಲ್ಲ ಎಂದ.

"ನನ್ನ ಹಿಂದೆ ನಿಂತಿದ್ದು ಈ ಮುದುಕಿ ಒಬ್ಳೇ. ಚೆಕ್ ಮಾಡ್ರೀ."

ಟೂರ್ನಮೆಂಟಿನ ಬಿಲ್ಲೆಗೆ ಬಾಗಿಲಾಚೆ ಚಿಕ್ಕಾಸು ಬೆಲೆಯಿಲ್ಲ. ಕದ್ದು ಏನು ಮಾಡಲಿ, ಸಾರಿಗೆ ಹಾಕಲೆ? ಹಾಗೆಂದು ಕೇಳಿಯೂ ಕೇಳಿದೆ. ಮ್ಯಾನೇಜರ್ ನನ್ನ ಚೀಲವನ್ನು ಖಾಲಿ ಮೇಜಿನ ಮೇಲೆ ಸುರಿದ. ಕನ್ನಡಕ, ಮಂಡಿನೋವಿನ ಮಾತ್ರೆ, ಒಂದು ಹಳೇ ಲಂಗ, ಊಟದ ಡಬ್ಬಿ ಬಿದ್ದವು. ಡಬ್ಬಿಯ ಮುಚ್ಚಳ ತೆಗೆದು ಚಿತ್ರಾನ್ನವನ್ನು ಚಮಚದಿಂದ ಕೆದಕಿ ನೋಡಿದ. ಇಪ್ಪತ್ತು ಜನ ನೋಡುತ್ತಿದ್ದರು. ಯಾರೋ ನಕ್ಕರು. ಬಿಲ್ಲೆ ಸಿಗಲಿಲ್ಲ. ಆದರೂ "ನಾಳೆಯಿಂದ ಬರ್ಬೇಡಿ ಆಂಟಿ" ಎಂದ.

ಕಾರ್ಡು ಹಂಚುವ ಹುಡುಗಿಯೊಬ್ಬಳು ಅಲ್ಲಿದ್ದಳು. ಕಲಬುರಗಿ ಕಡೆಯವಳು, ಕಗ್ಗದಾಸಪುರದಲ್ಲಿ ರೂಮು ಮಾಡಿಕೊಂಡಿದ್ದಳು, ನನ್ನನ್ನು ಆಯಿ ಎಂದು ಕರೆಯುತ್ತಿದ್ದಳು. ಮೂರು ದಿನದ ಮೇಲೆ ನನ್ನ ಮನೆ ಹುಡುಕಿಕೊಂಡು ಬಂದಳು.

"ಆಯಿ, ಆ ಬಿಲ್ಲೆ ಸಿಕ್ಕದ. ಅವನ ಕುರ್ಚಿ ಸಂದಿನ್ಯಾಗೇ ಬಿದ್ದಿತ್ತು."

"ಏನಂದ?"

"'ಸಿಕ್ತಲ್ಲ, ಬಿಡ್ರಿ, ಮುಂದಿಂದು ಹಂಚು' ಅಂದ."

"ನನ್ನ ಮಾತು?"

"ಯಾರೂ ಎತ್ತಲಿಲ್ಲ."

ಹುಡುಗಿ ಅತ್ತಳು. ನಾನು ಅಳಲಿಲ್ಲ. ನನಗೆ ಬೇಕಾದದ್ದು ಒಂದೇ: ಅದೇ ಕೋಣೆಯಲ್ಲಿ, ಅದೇ ಜನರ ಮುಂದೆ, ಅವನ ಬಾಯಿಂದಲೇ ಈಕೆ ಕದ್ದಿಲ್ಲ ಎನ್ನಿಸಬೇಕು. ಗೇಟಿನ ಹತ್ತಿರ ನಿಂತು ಕೇಳಿದರೆ ಕಾರಿನ ಗಾಜು ಏರಿಸಿ ಹೋಗುತ್ತಾನೆ. ಮೇಜಿನಲ್ಲಿ ಹಾಗೆ ಹೋಗುವಂತಿಲ್ಲ. ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು, ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದರು. ಬಿಲ್ಲೆಯೆಲ್ಲ ಕಳೆದುಕೊಂಡು ಟೂರ್ನಮೆಂಟಿನಿಂದ ಔಟಾದವನು ಎದ್ದು ನಿಂತು, ತನ್ನನ್ನು ಔಟು ಮಾಡಿದವರ ಕೈ ಕುಲುಕಿ ಹೋಗಬೇಕು. ಇಲ್ಲವಾದರೆ ಒಂದು ತಿಂಗಳು ಒಳಗೆ ಬಿಡುವುದಿಲ್ಲ. ಜಗಳವಾಗಬಾರದೆಂದು ಮಾಡಿದ ಪದ್ಧತಿ. ಅವನಿಗೆ ಒಂದು ವಾರ ಆಟ ತಪ್ಪಿದರೂ ಜ್ವರ ಬರುತ್ತಿತ್ತು.

"ನಂಗೆ ಆಡೋಕೆ ಕಲ್ಸು" ಎಂದೆ.

ಕ್ಲಬ್ಬಿಗೆ ಮಂಗಳವಾರ ರಜ. ಐದು ತಿಂಗಳು ಪ್ರತಿ ಮಂಗಳವಾರ ಕಗ್ಗದಾಸಪುರಕ್ಕೆ ಹೋದೆ. ಅವಳ ಚಾಪೆಯ ಮೇಲೆ ಕಾರ್ಡು, ಬಿಲ್ಲೆಗೆ ಬದಲು ಹುಣಸೆ ಬೀಜ. ನಾನು ಮಾತ್ರ ಸ್ಟೂಲಿನ ಮೇಲೆ. ಅವಳು ಆಟ ಕಲಿಸಿದಳು. ಟೈಲ್ಸಿನವನ ಗುಟ್ಟು ಅವಳಿಗೆ ಹೇಳಿದ್ದು ನಾನು.

ಮಾರ್ಕೆಟ್ಟಿನಲ್ಲಿ ಬುಟ್ಟಿಯ ತಳ ಕೊಳೆತವನು ಬೆಲೆ ಜೋರಾಗಿ ಕೂಗುತ್ತಾನೆ, ಯಾರೂ ಹತ್ತಿರ ಬಂದು ಕೈ ಹಾಕಿ ಕೆದಕಬಾರದು ಎಂದು. ತಳದವರೆಗೂ ಒಳ್ಳೆ ಮಾಲಿದ್ದವನು ಮೆತ್ತಗೆ ಬಾ ತಾಯಿ ಎನ್ನುತ್ತಾನೆ. ಟೈಲ್ಸಿನವನು ಥೇಟ್ ಹಾಗೆ. ಕಡ್ಡಾಯದ ಬಿಲ್ಲೆ ಒಂದು ಸಾವಿರವಿದ್ದಾಗ ಅವನಿಗೆ ಎರಡು ಎಕ್ಕವೋ ಎರಡು ರಾಜರೋ ಬಂದರೆ ಬರೀ ಎರಡು ಸಾವಿರ ಇಡುತ್ತಿದ್ದ. ನಾಲ್ಕು ಜನ ಅಗ್ಗವೆಂದು ಬರಲಿ, ಬಂದವರನ್ನು ನುಂಗೋಣ ಎಂದು. ಎಕ್ಕ ಗುಲಾಮ, ಎಂಟರ ಜೋಡಿ, ಇಂಥ ಅರೆಬರೆ ಕಾರ್ಡು ಬಂದರೆ ಐದು ಸಾವಿರ ದಬ್ಬುತ್ತಿದ್ದ. ಅದು ಹೆದರಿಕೆ. ಎಲ್ಲರೂ ಓಡಿಹೋಗಲಿ ಎಂದು. ಅವನ ಜೊತೆ ಆಡುವವರು ತಮ್ಮ ಕಾರ್ಡು ನೋಡಿಕೊಂಡು, ಮೊಬೈಲು ನೋಡಿಕೊಂಡು ಕೂತಿರುತ್ತಿದ್ದರು. ಕೊನೆಯಲ್ಲಿ ಕಾರ್ಡು ತೆರೆದಾಗ ಮೊದಲು ಎಷ್ಟು ಇಟ್ಟಿದ್ದ ಎಂದು ನೆನಪಿಟ್ಟವಳು ಟೀ ತಟ್ಟೆ ಹಿಡಿದವಳು.

ಹುಡುಗಿ ಪರೀಕ್ಷೆ ಮಾಡುತ್ತಿದ್ದಳು.

"ನಿನ್ ಕಡೆ ಹದಿನಾರು ಸಾವಿರ ಅದ, ಎಕ್ಕ, ರಾಣಿ ಬಂದಾವ ಆಯಿ. ಮುಂದಿನಾಂವ ಎರಡು ಸಾವಿರ ಇಟ್ಟ. ಏನ್ ಮಾಡ್ತಿ?"

"ಆಡ್ತೀನಿ. ಒಳ್ಳೆ ಕಾರ್ಡಲ್ವಾ?"

"ಯಾರು ಇಟ್ಟಾರ ಅಂತ ಕೇಳ್ಲೇ ಇಲ್ಲಲ್ಲ? ಟೈಲ್ಸಿನಾಂವ ಇಟ್ಟಾನ."

"ಥೂ. ಎಸೀತೀನಿ."

"ಅಂವನೇ ಐದು ಸಾವಿರ ಇಟ್ಟ."

"ಇರೋದೆಲ್ಲಾ ತಳ್ತೀನಿ."

"ಎಲ್ಲಾ ಯಾಕ? ಐದು ಕೊಟ್ಟು ಮುಂದಿಂದು ನೋಡಬಾರದೇನು?"

"ಇರೋದೇ ಹದಿನಾರು. ಅದ್ರಲ್ಲಿ ಐದು ಕೊಟ್ಬಿಟ್ಟು ಆಮೇಲೆ ಹೆದರ್ಕೊಂಡು ಓಡೋದಾ? ಹೋದ್ರೆ ಪೂರ್ತಿ ಹೋಗ್ಬೇಕು, ಇಲ್ಲಾಂದ್ರೆ ಹೋಗ್ಬಾರ್ದು."

"ಇಷ್ಟು ಗೊತ್ತಿದ್ರ ಸಾಕು ಬಿಡು" ಎಂದು ನಕ್ಕಳು.

ಮಾರ್ಚಿನಲ್ಲಿ ಮಹಿಳಾ ದಿನಕ್ಕೆಂದು ಕ್ಲಬ್ಬಿನವರು ಬಾಗಿಲಿಗೆ ಬೋರ್ಡು ಹಾಕಿದರು: ಭಾನುವಾರ ಮಧ್ಯಾಹ್ನದ ಟೂರ್ನಮೆಂಟಿಗೆ ಹೆಂಗಸರಿಗೆ ಪ್ರವೇಶ ಉಚಿತ. ಆಫೀಸಿನ ಹುಡುಗಿಯರು ಬರುತ್ತಾರೆಂದು ಅವರ ಲೆಕ್ಕ. ನಾನು ಹೋದೆ. ಮ್ಯಾನೇಜರ್ ಬಾಗಿಲಿಗೆ ಅಡ್ಡ ನಿಂತ.

"ಆಂಟಿ, ಇದು ಆಡೋರಿಗೆ."

"ನಾನು ಹೆಂಗ್ಸಲ್ವಾ? ಬೋರ್ಡಲ್ಲಿ ವಯಸ್ಸು ಬರ್ದಿಲ್ಲ."

ಒಳಗಿನಿಂದ ಯಾರೋ "ಬಿಡು ಗುರು, ಆಂಟಿ ಆಡ್ಲಿ, ಮಜಾ ಇರುತ್ತೆ" ಎಂದರು. ಟೈಲ್ಸಿನವನು ತಿರುಗಿ ನೋಡಿದ. ನಗೆ ತಡೆಯಲಾಗಲಿಲ್ಲ ಅವನಿಗೆ.

"ಆಡ್ಲಿ, ಆಡ್ಲಿ. ಚಿಪ್ಸ್ ಎಣ್ಸಿ ಕೊಡಿ, ಎಣ್ಸಿ ವಾಪಸ್ ಈಸ್ಕೊಳಿ. ನನ್ ಪಕ್ಕದಲ್ಲೇ ಕೂರ್ಸಿ, ಕೈ ಮೇಲೆ ಕಣ್ಣಿಟ್ಟಿರ್ತೀನಿ."

ನನ್ನನ್ನು ಅವನ ಎಡಗಡೆ ಕೂರಿಸಿದರು. ಆಟ ಎಡಕ್ಕೆ ಸಾಗುತ್ತದೆ. ಅವನು ಎಷ್ಟು ಇಡುತ್ತಾನೆಂದು ನೋಡಿದ ಮೇಲೆಯೇ ನನ್ನ ಸರದಿ, ಹೆಚ್ಚುಕಡಿಮೆ ಪ್ರತಿ ಸಲವೂ. ಆ ಕುರ್ಚಿ ಕೊಡಿ ಎಂದು ಕೇಳಿದ್ದರೆ ಸಿಗುತ್ತಿರಲಿಲ್ಲ. ಬಯ್ಯಲು ಹೋಗಿ ತಾನೇ ಕೊಟ್ಟ.

ಎಲ್ಲರಿಗೂ ಇಪ್ಪತ್ತು ಸಾವಿರದ ಬಿಲ್ಲೆ. ಕಾರ್ಡು ಹಂಚಲು ಕೂತಿದ್ದವಳು ನಮ್ಮ ಹುಡುಗಿಯಲ್ಲ, ಅವಳು ಪಕ್ಕದ ಮೇಜಿನಲ್ಲಿದ್ದಳು. ಮೊದಲ ತಪ್ಪು ನಾನೇ ಮಾಡಿದೆ. ಎದುರಿಗೆ ಕನ್ನಡಕದ ಹೆಂಗಸೊಬ್ಬಳು ದೊಡ್ಡದಾಗಿ ಇಟ್ಟಾಗ, ಇವಳೂ ಹೆದರಿದ್ದಾಳೆ ಎಂದುಕೊಂಡು ಹೋದೆ. ಅವಳ ಹತ್ತಿರ ರಾಜರ ಜೋಡಿ ಇತ್ತು. ನಾಲ್ಕು ಸಾವಿರ ಹೋಯಿತು. ಆಮೇಲೆ ಗಮನಿಸಿದರೆ ಅವಳು ಎಂಥ ಕಾರ್ಡಿಗೂ ಒಂದೇ ಬೆಲೆ ಕೂಗುವವಳು. ಅಂಥವರ ಬುಟ್ಟಿಯ ತಳ ಯಾರಿಗೂ ಕಾಣುವುದಿಲ್ಲ. ಒಬ್ಬನ ತಕ್ಕಡಿಯಲ್ಲಿ ಇನ್ನೊಬ್ಬರನ್ನು ತೂಗಬಾರದು. ಅವಳ ಸುದ್ದಿಗೆ ಮತ್ತೆ ಹೋಗಲಿಲ್ಲ.

ಎರಡು ಗಂಟೆ ಹೆಚ್ಚುಕಡಿಮೆ ಎಸೆಯುತ್ತಲೇ ಕೂತೆ; ಕಡ್ಡಾಯಕ್ಕೆ ಹೋದದ್ದು ಒಂದೆರಡು ಸಣ್ಣ ಗೆಲುವಿನಲ್ಲಿ ವಾಪಸು ಬಂತು. "ಆಂಟಿ ನಿದ್ದೆ ಮಾಡ್ತಿದಾರೆ" ಎಂದು ಟೈಲ್ಸಿನವನು ಎಲ್ಲರನ್ನೂ ನಗಿಸಿದ. ಕಡ್ಡಾಯದ ಬಿಲ್ಲೆ ಒಂದು ಸಾವಿರಕ್ಕೆ ಏರಿದ ಮೇಲೆ ನನಗೆ ಎಕ್ಕ, ರಾಣಿ ಬಂದವು. ಅವತ್ತು ಅಲ್ಲಿಯವರೆಗೆ ಬಂದದ್ದರಲ್ಲಿ ಅವೇ ಚೆನ್ನ. ಅವನು ಎರಡು ಸಾವಿರ ಇಟ್ಟ, ಮೆತ್ತಗೆ, ಬೆರಳ ತುದಿಯಲ್ಲಿ. ಕೈ ಸ್ವಲ್ಪ ತಡೆಯಿತು ನನಗೆ. ಎಸೆದೆ. ಉಳಿದವರೂ ಎಸೆದರು. ಅವನು ಬೇಜಾರಾಗಿ ಎರಡು ಎಕ್ಕ ತೆರೆದು ಮೇಜಿನ ಮೇಲೆ ಬಿಸಾಡಿದ. "ಇಂಥದ್ದು ಬಂದಾಗ ಒಬ್ರೂ ಬರಲ್ಲ, ಮಗಾ."

ಅರ್ಧ ಗಂಟೆಯಾಗಿರಬಹುದು. ಮತ್ತೆ ಎಕ್ಕ, ರಾಣಿ. ಬಣ್ಣ ಬೇರೆ, ಕಾರ್ಡು ಅವೇ. ಈ ಸಲ ಅವನು ಐದು ಸಾವಿರ ದಬ್ಬಿ ಕುರ್ಚಿಗೆ ಒರಗಿದ. ನಾನು ಉಳಿದಿದ್ದ ಹದಿನಾರು ಸಾವಿರವನ್ನೂ ಎರಡು ಕೈಯಲ್ಲಿ ಮುಂದೆ ತಳ್ಳಿದೆ. ಮಿಕ್ಕವರೆಲ್ಲ ಎಸೆದರು. ಅವನು ನನ್ನ ಮುಖ ನೋಡಿದ.

"ಗೊತ್ತಾಗ್ತಿದ್ಯಾ ಆಂಟಿ, ಏನ್ ಮಾಡ್ತಿದೀರಾ ಅಂತ?"

"ನಿಮ್ಗೆ ಭಯ ಆದ್ರೆ ಎಸೀರಿ ಸಾರ್."

ಮೇಜು ಓ ಎಂದಿತು. ಇನ್ನು ಅವನು ಎಸೆಯುವಂತಿರಲಿಲ್ಲ. ಟೀ ಕೊಡುವವಳ ಮುಂದೆ ಎಸೆದ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಇಟ್ಟ. ಎಕ್ಕ, ಗುಲಾಮ ತೆರೆದ. ನನ್ನದು ನೋಡಿ ಅವನ ಕುತ್ತಿಗೆ ಕೆಂಪಾಯಿತು. ಎಕ್ಕ ಇಬ್ಬರಿಗೂ ಇತ್ತು, ಅವನ ಗುಲಾಮನಿಗಿಂತ ನನ್ನ ರಾಣಿ ಮೇಲು; ಮೇಜಿನ ಐದು ಕಾರ್ಡಿನಲ್ಲಿ ಗುಲಾಮ ಬರಲಿಲ್ಲ. ಅವನಿಗೆ ಉಳಿದದ್ದು ಮೂರು ಸಾವಿರ.

ಮೂರು ಸಾವಿರ ಉಳಿದವನು ಎಷ್ಟು ಇಟ್ಟ ಎಂದು ನೋಡಿ ಪ್ರಯೋಜನವಿಲ್ಲ. ಎಂಥ ಕಾರ್ಡಿಗೂ ಇರುವುದನ್ನೆಲ್ಲ ಇಡಲೇಬೇಕು. ಅಂಥವನ ಮೇಲೆ ಹೋಗಲು ರಾಣಿಯೂ ಬೇಡ. ಮುಂದಿನ ಕೈಯಲ್ಲೇ ಮೂರನ್ನೂ ಇಟ್ಟ. ನನಗೆ ಐದರ ಜೋಡಿ ಬಂದಿತ್ತು. ಮೂರು ಇಟ್ಟರೆ ಸಾಕಿತ್ತು. ಹತ್ತು ಸಾವಿರ ಇಟ್ಟೆ. ಬೇರೆಯವರು ಅಗ್ಗವೆಂದು ನುಗ್ಗಬಾರದು, ಅವನನ್ನು ನನ್ನ ಬದಲು ಇನ್ಯಾರೋ ಔಟು ಮಾಡಿಬಿಡಬಾರದು. ಎಲ್ಲರೂ ಸರಿದರು. ಅವನ ಹತ್ತಿರ ರಾಜ, ಹತ್ತು. ಐದು ಕಾರ್ಡು ಒಂದೊಂದಾಗಿ ಬಿದ್ದವು. ರಾಜನೂ ಬರಲಿಲ್ಲ, ಹತ್ತೂ ಬರಲಿಲ್ಲ. ಇದರಲ್ಲಿ ನನ್ನ ಜಾಣತನ ಕಡಿಮೆ, ಅದೃಷ್ಟ ಹೆಚ್ಚು. ಅವನಿಗೆ ಆಗಬೇಕಾದ್ದು ಆಯಿತು, ಸಾಕು.

ಅವನು ಎದ್ದು ಮೊಬೈಲು ಜೇಬಿಗೆ ಹಾಕಿ ಬಾಗಿಲ ಕಡೆ ತಿರುಗಿದ.

"ಸಾರ್, ಕೈ" ಎಂದೆ.

ಮ್ಯಾನೇಜರ್ ನೆಲ ನೋಡುತ್ತಿದ್ದ. ಕನ್ನಡಕದ ಹೆಂಗಸು ಗೋಡೆಯ ಕೆಂಪಕ್ಷರದ ಕಡೆ ಬೆರಳು ತೋರಿಸಿ "ರೂಲ್ಸ್ ಎಲ್ರಿಗೂ ಒಂದೇ ಅಲ್ವಾ?" ಎಂದಳು. ಅವನು ವಾಪಸು ಬಂದು ಎರಡು ಬೆರಳು ಚಾಚಿದ. ನಾನು ಎದ್ದು ನಿಂತು ಇಡೀ ಕೈ ಹಿಡಿದುಕೊಂಡೆ. ಮೂವತ್ತು ವರ್ಷ ಮೂಟೆ ಎತ್ತಿದ ಕೈ ನನ್ನದು.

"ಆವತ್ತಿನ ಬಿಲ್ಲೆ ಎಲ್ಲಿತ್ತು ಸಾರ್?"

"ಸಾರಿ ಆಂಟಿ, ಬಿಡಿ."

"ಸಾರಿ ನಿಮ್ಮ ಹತ್ರಾನೇ ಇಟ್ಕೊಳಿ. ಎಲ್ಲಿತ್ತು?"

"ಚೇರಲ್ಲಿ."

"ಯಾರ ಚೇರಲ್ಲಿ?"

"ನನ್ ಚೇರಲ್ಲಿ. ಕೈ ಬಿಡ್ರೀ."

"ನಾನು ಕದ್ನಾ?"

ಪಕ್ಕದ ಮೇಜಿನವರೂ ಆಟ ನಿಲ್ಲಿಸಿದ್ದರು. ಅವನು ಮ್ಯಾನೇಜರ್ ಕಡೆ ನೋಡಿದ, ಯಾರಾದರೂ ಬಿಡಿಸುತ್ತಾರೇನೋ ಎಂದು. ಯಾರೂ ಏಳಲಿಲ್ಲ. ನಾನು ಇನ್ನೂ ಸ್ವಲ್ಪ ಬಿಗಿ ಹಿಡಿದೆ.

"ನೀವು ಕದ್ದಿಲ್ಲ."

"ಎಲ್ರಿಗೂ ಕೇಳಿಸ್ಲಿ."

"ಇವ್ರು ಕದ್ದಿಲ್ಲ!" ಎಂದು ಕಿರುಚಿದ. ಕಣ್ಣಲ್ಲಿ ನೀರು ಬಂದಿತ್ತು, ಅವಮಾನಕ್ಕೋ ಬೆರಳ ನೋವಿಗೋ ಗೊತ್ತಿಲ್ಲ. ನೋಡಿ ನನಗೆ ಅಯ್ಯೋ ಎನ್ನಿಸಲಿಲ್ಲ. ಚೆನ್ನಾಗಿತ್ತು. ಈಗಲೂ ನೆನೆಸಿಕೊಂಡರೆ ಚೆನ್ನಾಗಿಯೇ ಇರುತ್ತದೆ. ಕೈ ಬಿಟ್ಟೆ, ಹೋದ.

ಆಮೇಲೆ ನನಗೆ ಆಟದಲ್ಲಿ ಮನಸ್ಸು ನಿಲ್ಲಲಿಲ್ಲ. ಕಾಲು ಗಂಟೆಯಲ್ಲಿ ಕನ್ನಡಕದ ಹೆಂಗಸೇ ನನ್ನನ್ನು ಔಟು ಮಾಡಿದಳು. ಎದ್ದು ಅವಳ ಕೈ ಕುಲುಕಿದೆ. ಬಾಗಿಲ ಹತ್ತಿರ ಮ್ಯಾನೇಜರ್ ಹಲ್ಲು ಬಿಟ್ಟುಕೊಂಡು ಬಂದ.

"ಸೂಪರ್ ಆಂಟಿ. ಬೇಕಿದ್ರೆ ಮತ್ತೆ ಕೆಲ್ಸಕ್ಕೆ ಬನ್ನಿ, ಏನೂ ತೊಂದ್ರೆ ಇಲ್ಲ."

ಏನೂ ತೊಂದರೆ ಇಲ್ಲವಂತೆ. ಹೊರಗೆ ಬಂದು ಬಸ್ಸು ಹತ್ತಿದೆ.

ಮಾರನೆಯ ದಿನ ಸೋಮವಾರ. ಬೆಳಿಗ್ಗೆ ಎಂಟಕ್ಕೆಲ್ಲ ಇಂದಿರಾನಗರಕ್ಕೆ ಹೋಗಿ, ಕ್ಲಬ್ಬಿನ ಶಟರಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತೆ. ಹತ್ತಕ್ಕೆ ಮ್ಯಾನೇಜರ್ ಬೀಗದ ಕೈ ಹಿಡಿದು ಬಂದ. ಕೆಲಸಕ್ಕೆ ಬಂದಿದ್ದೇನೆ ಎಂದುಕೊಂಡು ನಕ್ಕ. "ಪಕ್ಕಕ್ಕೆ ಬನ್ನಿ ಆಂಟಿ, ಬಾಗ್ಲು ತೆಗೀತೀನಿ" ಎಂದ.

"ನಾನು ಕದ್ದಿಲ್ಲ ಅಂತ ನಿನ್ನೆ ಅವನು ಹೇಳ್ದ. ನೀನು ಇನ್ನೂ ಹೇಳಿಲ್ಲ" ಎಂದೆ. ಏಳಲಿಲ್ಲ.